ಇಲ್ಲ ಅನ್ನದವನ ಅರ್ಜಿ

ಎದುರಿನ ಬೆಂಚಿನ ಮೇಲೆ ಕೂತಿದ್ದ ಮುದುಕನ ಬೂಟು ಅವನ ಕಾಲಿಗಿಂತ ದೊಡ್ಡದಿತ್ತು. ಹಿಮ್ಮಡಿಯ ಹತ್ತಿರ ಬೆರಳು ತೂರುವಷ್ಟು ಸಂದು. ಮಗನದೋ, ಸತ್ತ ತಮ್ಮನದೋ ಇರಬೇಕು, ಅಂದುಕೊಂಡ ಬಗ್ಗಣ್ಣ. ಮುಖಕ್ಕಿಂತ ಮೊದಲು ಕಾಲು ನೋಡುವುದು ಅವನಿಗೆ ಅಂಟಿಕೊಂಡ ಚಾಳಿ. ಅರ್ಧ ಆಯುಸ್ಸನ್ನು ಬೂಟಿನಂಗಡಿಯಲ್ಲಿ ಗಿರಾಕಿಗಳ ಮುಂದೆ ಮಂಡಿಯೂರಿ ಕಳೆದವನಿಗೆ ಮನುಷ್ಯರೆಂದರೆ ಕೆಳಗಿನಿಂದ ಮೇಲಕ್ಕೆ ಬೆಳೆಯುವ ವಸ್ತು. ಬಗ್ಗಿ ಬಗ್ಗಿಯೇ ಬಗ್ಗಣ್ಣ ಎಂಬ ಹೆಸರು ಬಿದ್ದದ್ದು. ನಿಜವಾದ ಹೆಸರನ್ನು ಇವತ್ತು ಈ ಕಚೇರಿಯ ಕಿಟಕಿಯಿಂದ ಯಾರೋ ಗಟ್ಟಿಯಾಗಿ ಕೂಗಿದಾಗ ಅವನು ಸುಮ್ಮನೆ ಕೂತೇ ಇದ್ದ. ಮಗಳು ಮೊಣಕೈಯಿಂದ ತಿವಿದ ಮೇಲೆ "ಓ, ನಾನೇ" ಎಂದು ಎದ್ದ. ಎದ್ದ ಅನ್ನುವುದು ಸುಲಭ. ಮೊದಲು ಎರಡೂ ಕೈ ಬೆಂಚಿನ ಅಂಚಿಗೆ, ಆಮೇಲೆ ಬಲಗಾಲಿನ ಮೇಲೆ ಭಾರ, ಆಮೇಲೆ ಸೊಂಟದೊಳಗಿನ ಆ ಒಂದು ಜಾಗ ಒಪ್ಪುವ ತನಕ ಉಸಿರು ಹಿಡಿದು ಕಾಯುವುದು, ಕೊನೆಗೆ ತೊಡೆಯಿಂದ ಬೆರಳಿನ ತನಕ ಮರಗಟ್ಟಿ ಯಾರದೋ ಸಾಮಾನಿನ ಹಾಗೆ ತೂಗುವ ಎಡಗಾಲನ್ನು ಹಿಂದಿನಿಂದ ಎಳೆದು ತಂದುಕೊಳ್ಳುವುದು. ಕಿಟಕಿಯವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನಕ್ಕ. ಅಂಗಡಿಯ ನಗು ಅದು, ಬೆನ್ನು ಹೋದರೂ ಕೆಲಸ ಬಿಟ್ಟಿರಲಿಲ್ಲ.

"ಕೂತ್ಕೊಳ್ಳಿ, ಕರೀತಾರೆ," ಎಂದಳು ಅವಳು. ಅಷ್ಟು ಹೇಳುವುದಕ್ಕೆ ಎಬ್ಬಿಸಿದ್ದಳು.

ಮತ್ತೆ ಕೂತ. ಗೋಡೆಯ ಮೇಲೆ ಗಾಲಿಕುರ್ಚಿಯಲ್ಲಿ ಕೂತು ನಗುತ್ತಿರುವ ಯುವಕನ ಪೋಸ್ಟರು. ಅವನ ಬೂಟು ಹೊಚ್ಚಹೊಸದು, ಅಟ್ಟೆಯಲ್ಲಿ ಒಂದಿಷ್ಟೂ ಕೊಳೆ ಇಲ್ಲ. ಕೋಣೆಯಲ್ಲಿದ್ದವರ ಬೂಟುಗಳೇ ಬೇರೆ. ಒಂದು ಸವೆದು ಇನ್ನೊಂದು ಹೊಸದಾಗಿಯೇ ಉಳಿದ ಜೋಡಿ. ಲೇಸಿನ ಬದಲು ರಬ್ಬರು ಸುತ್ತಿಕೊಂಡದ್ದು. ಒಬ್ಬಳಿಗೆ ಒಂದೇ ಚಪ್ಪಲಿ ಸಾಕಾಗಿತ್ತು. ಇಂಥವರು ಅಂಗಡಿಗೆ ಬಂದರೆ ಏನು ತೋರಿಸುತ್ತಿದ್ದೆ ಎಂದು ಅವನ ತಲೆ ತನ್ನಷ್ಟಕ್ಕೆ ತಾನು ಡಬ್ಬಗಳನ್ನು ಇಳಿಸತೊಡಗಿತು. ತಾನೂ ಇದೇ ಬೆಂಚಿನವನು ಅನ್ನುವುದು ತಲೆಗೆ ಹೋಗಿತ್ತು, ಒಳಗೆಲ್ಲೂ ಇಳಿದಿರಲಿಲ್ಲ. ಇತ್ತೀಚೆಗೆ ಯಾವುದೂ ಇಳಿಯುತ್ತಿರಲಿಲ್ಲ. ಅಂಗವಿಕಲರ ಭತ್ಯೆಗೆ ಹಾಕಿದ ಮೊದಲ ಸಲದ ಅರ್ಜಿ ತಿರಸ್ಕಾರವಾಗಿದೆ ಎಂದು ಗೊತ್ತಾದ ದಿನ ಹೆಂಡತಿ ಒಲೆ ಆರಿಸಿ ಕುರ್ಚಿಯಲ್ಲಿ ಕುಸಿದಾಗ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ವಾರೆಯಾಗಿದೆಯಲ್ಲ ಎಂದಷ್ಟೇ ಅವನಿಗೆ ಅನ್ನಿಸಿತ್ತು.

"ಅಪ್ಪಾ, ಇನ್ನೊಂದ್ಸಲ ಪ್ರಾಕ್ಟೀಸು," ಎಂದಳು ಮಗಳು, ಫೋನು ಬ್ಯಾಗಿಗೆ ತುರುಕಿ. ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು. "ನಾನು ಆಫೀಸರು. ಹೂಂ, ಹೇಳಿ, ಮೆಟ್ಟಿಲು ಹತ್ತೋಕಾಗತ್ತಾ?"

"ಮೆಲ್ಲಗೆ ಹತ್ತಬಹುದು."

"ಠುಸ್! ಅರ್ಜಿ ವಜಾ. ಮುಂದಿನವರು ಬನ್ನಿ."

"ಹತ್ತಬಹುದು ಕಣೇ, ಹಿಡ್ಕೊಳ್ಳೋಕೆ ಕಂಬಿ ಇದ್ರೆ..."

"ಅಪ್ಪಾ, ನಿನ್ನೆ ಲಿಫ್ಟು ಕೆಟ್ಟಾಗ ಕೆಳಗಿನ ಮನೆಯೋರ ಜಗಲೀಲಿ ಕತ್ತಲಾಗೋ ತನಕ ನೀನು ಕೂತಿದ್ದೆ. ಪೇಪರ್ ಓದ್ತಿದ್ದೆ ಅಂತ ಬುರುಡೆ ಬೇರೆ. ಪೇಪರ್ ತಲೆಕೆಳಗಿತ್ತು."

"ಅಷ್ಟೇನಿಲ್ಲ."

"ನೋಡು, ಎಷ್ಟು ಚೆನ್ನಾಗಿ 'ಇಲ್ಲ' ಅಂತೀಯ! ಅದನ್ನೇ ಒಳಗೆ ಅನ್ನು."

ಅವಳು ನಕ್ಕಳು, ಎದುರಿನ ಮುದುಕನೂ ನಕ್ಕ. ಬಗ್ಗಣ್ಣನ ಕಿವಿ ಬಿಸಿಯಾಯಿತು. ಅಂಗಡಿಯಲ್ಲಿ 'ಇಲ್ಲ' ಎಂಬ ಮಾತನ್ನು ಯಜಮಾನರು ನಿಷೇಧ ಮಾಡಿದ್ದರು. ಹೊಸದಾಗಿ ಸೇರಿದವನಿಗೆ ಮೊದಲ ಪಾಠವೇ ಅದು: ಗಿರಾಕಿ ಕೇಳಿದ ಸೈಜು ಇಲ್ಲದಿದ್ದರೆ ಇಲ್ಲ ಅನ್ನಬಾರದು, ಬೇರೆ ತೋರಿಸಬೇಕು, ಬಿಗಿಯಾದರೆ ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಅನ್ನಬೇಕು, ಸಡಿಲವಾದರೆ ಒಳಗೊಂದು ಪದರ ಹಾಕಿ ಈಗ ನೋಡಿ ಸರ್ ಅನ್ನಬೇಕು. ಯಜಮಾನರು ಗೋದಾಮಿನ ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು, ಪರದೆಯ ಕೆಳಗೆ ಅವರ ಕಂದು ಬೂಟಿನ ಮೂತಿ ಕಾಣುತ್ತಿತ್ತು. ಬಗ್ಗಣ್ಣ ಈ ವಿದ್ಯೆಯಲ್ಲಿ ಎಷ್ಟು ಪಳಗಿದನೆಂದರೆ, ಒಮ್ಮೆ ಒಬ್ಬ ಟೀಚರಮ್ಮನಿಗೆ ಒಂದು ಸೈಜು ಚಿಕ್ಕದನ್ನು ಮಾರಿದ್ದ. ಆಕೆ ಮುಂದಿನ ವಾರ ಅಂಗಡಿಯ ಎದುರಿಂದಲೇ ಕುಂಟುತ್ತ ಹೋದಳು. ಒಳಗೆ ಬಂದು ಜಗಳ ಮಾಡಲಿಲ್ಲ. ಗಾಜಿನಾಚೆಯಿಂದ ಅವನನ್ನು ನೋಡಿ, ಪಾಪ, ಕೈ ಬೀಸಿದಳು. ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಇನ್ನೂ ಸಡಿಲವಾಗಲೆಂದು ಕಾಯುತ್ತಿದ್ದಳೋ ಏನೋ. ಸೊಂಟದ ನೋವು ಶುರುವಾದಾಗ ಅವನು ಅದಕ್ಕೂ ಅದೇ ಮಾತು ಹೇಳಿದ್ದ. ನಡೀತಾ ನಡೀತಾ ಸರಿ ಹೋಗತ್ತೆ. ಮೊದಲ ಅರ್ಜಿ ತುಂಬುವಾಗಲೂ ಕೈ ಅದನ್ನೇ ಬರೆದಿತ್ತು. ನಿಮಗೆ ನಿಲ್ಲಲು ಆಗುತ್ತದೆಯೇ: ಸ್ವಲ್ಪ ಕಷ್ಟ, ಆದರೂ ಆಗುತ್ತದೆ. ಭಾರ ಎತ್ತಲು: ಆಗುತ್ತದೆ, ಯಾರಾದರೂ ಸಹಾಯ ಮಾಡಿದರೆ. ಬಗ್ಗಲು: ಆಗುತ್ತದೆ. ಬಗ್ಗಲು ಆಗುತ್ತದೆ ಅನ್ನುವುದೇನೂ ಸುಳ್ಳಲ್ಲ. ಬಗ್ಗಿದ ಮೇಲಿನದನ್ನು ಯಾರೂ ಕೇಳಿರಲಿಲ್ಲ.

ಭಾವಮೈದ ಆಗಲೇ ಬಡಕೊಂಡಿದ್ದ. "ಭಾವ, ಲಾಯರ್ ಇಡ್ರೀ. ನಿಮ್ ಬಾಯಲ್ಲಿ ಇದು ಆಗೋ ಕೆಲಸ ಅಲ್ಲ." ಅವನ ಒತ್ತಾಯಕ್ಕೆ ಬಗ್ಗಣ್ಣ ಹೋಗಿಯೂ ಬಂದಿದ್ದ. ಲಾಯರು ಕುರ್ಚಿಯಿಂದ ಎದ್ದು ಅವನ ಸುತ್ತ ಒಂದು ಸುತ್ತು ಬಂದು, ಕೊಳ್ಳುವ ಮೇಜನ್ನು ನೋಡುವ ಹಾಗೆ ನೋಡಿ, "ನೀವು ಬಾಯಿ ಬಿಡ್ಲೇಬೇಡಿ, ನಾನು ಮಾತಾಡ್ತೀನಿ. ಕಾಲು ಇನ್ನೊಂಚೂರು ಎಳೀರಿ. ಹಾಂ, ಹಾಗೆ. ಇನ್ನೂ," ಎಂದಿದ್ದ. ಅವನು ಎಳೆದೂ ತೋರಿಸಿದ್ದ, ಬಾಗಿಲ ತನಕ ಒಂದು ಸಲ, ವಾಪಸು ಒಂದು ಸಲ. ಅದು ಅವನದೇ ಕಾಲು, ಅವನದೇ ನೋವು, ಆದರೂ ಕದ್ದ ಮಾಲಿನ ಹಾಗೆ ಅನ್ನಿಸಿತು. ಮನೆಗೆ ಬಂದು, ನನ್ನ ಕಾಲಿನ ವಿಷಯ ನಾನೇ ಹೇಳ್ತೀನಿ, ಯಾರ ವಕಾಲತ್ತೂ ಬೇಡ ಎಂದ. ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬಂದು ಅಂಗೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ ಹೆಂಡತಿ ತಲೆಯೆತ್ತದೆ, "ನೀವು ಹೇಳೋ ಚಂದ ಕಂಡಿದೀನಿ," ಎಂದಳು.

ಕೋಪವಿರಲಿಲ್ಲ ಅವಳ ದನಿಯಲ್ಲಿ. ಅದೇ ಅವನಿಗೆ ಕಷ್ಟವಾದದ್ದು, ಅಥವಾ ಕಷ್ಟವಾಗಬೇಕಿತ್ತು. ಕೆಲಸ ಬಿಟ್ಟ ದಿನವೂ ಯಾರಿಗೂ ಕೋಪವಿರಲಿಲ್ಲ. ಅವತ್ತು ಒಬ್ಬ ದಪ್ಪ ಮನುಷ್ಯನ ಲೇಸು ಕಟ್ಟಿ, ಈಗ ಒಂದು ಸುತ್ತು ನಡೀರಿ ಸರ್ ಎಂದು ಹೇಳಿ, ಏಳಲು ನೋಡಿದರೆ ಏಳಲಾಗಲಿಲ್ಲ. ಸೊಂಟದಲ್ಲಿ ಏನೋ ಕೊಕ್ಕೆ ಹಾಕಿಕೊಂಡಿತ್ತು. ಅವನು ಗಂಟು ಬಿಚ್ಚಿ ಮತ್ತೆ ಕಟ್ಟಿದ. ಮತ್ತೆ ಬಿಚ್ಚಿ ಮತ್ತೆ ಕಟ್ಟಿದ. ಗಿರಾಕಿ ಸಂಕೋಚದಿಂದ ಕಾಲನ್ನು ಚಾಚಿಯೇ ಇಟ್ಟಿದ್ದ, ಇಷ್ಟೊಂದು ಮುತುವರ್ಜಿಯಿಂದ ಲೇಸು ಕಟ್ಟುವವನನ್ನು ಆತ ಜನ್ಮದಲ್ಲಿ ಕಂಡಿರಲಿಲ್ಲ. "ಏಳೋ ಬಗ್ಗಣ್ಣ, ನಿದ್ದೆ ಗಿದ್ದೆ ಬಂತಾ?" ಎಂದರು ಪರದೆ ಸರಿಸಿ ಬಂದ ಯಜಮಾನರು. ಎಲ್ಲ ನಕ್ಕರು. ಅವನೂ ನಕ್ಕ, ನೆಲ ನೋಡುತ್ತ. ಆಮೇಲೆ ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿದಾಗ ಅವನ ಆಕಾರ ಬದಲಾಗಲಿಲ್ಲ. ಮಂಡಿಯೂರಿದ ಭಂಗಿಯಲ್ಲೇ ಗಾಳಿಯಲ್ಲಿ ತೇಲಿಕೊಂಡು ಗೋದಾಮಿಗೆ ಹೋದ. ಗಿರಾಕಿ ಆ ಬೂಟು ಕೊಂಡನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಬೇಕು ಅನ್ನಿಸುತ್ತಿರುತ್ತದೆ.

ಯಜಮಾನರು ಒಳ್ಳೆಯವರು. ಹೋದ ತಿಂಗಳು ಮನೆಗೇ ಬಂದಿದ್ದರು, ಹಣ್ಣು ತಂದಿದ್ದರು. ಭತ್ಯೆ ಸಿಕ್ಕರೆ ಸರಿ, ಸಿಗದಿದ್ದರೆ ಮಗಳನ್ನು ಕಳಿಸು, ನಿನ್ನ ಜಾಗ ಇನ್ಯಾರಿಗೂ ಕೊಟ್ಟಿಲ್ಲ, ಎಂದರು. ನಿನ್ನ ಜಾಗ ಎಂದರೆ ಆ ಗಿಡ್ಡ ಸ್ಟೂಲು, ಅದರ ಮುಂದಿನ ಗೇಣುದ್ದ ನೆಲ. ಮಗಳು ಎಕ್ಸ್‌ರೇ ತೆಗೆಯುವ ಕೋರ್ಸಿನಲ್ಲಿ ಓದುತ್ತಿದ್ದಳು. ಮನೆಗೆ ಬಂದವರ ಎಲುಬನ್ನೆಲ್ಲ ಹೆಸರಿಟ್ಟು ಕರೆಯುತ್ತಿದ್ದಳು. ಅವಳು ಒಂದು ಕ್ಷಣವೂ ಯೋಚಿಸದೆ, "ಓ, ಬರ್ತೀನಿ ಅಂಕಲ್, ನಂಗೂ ಶೂ ಅಂದ್ರೆ ಇಷ್ಟ, ಸ್ಟಾಫ್ ಡಿಸ್ಕೌಂಟ್ ಇದ್ಯಾ?" ಎಂದು ಕುಣಿದಿದ್ದಳು. ಯಜಮಾನರು ಹೋದ ಮೇಲೆ ಪುಸ್ತಕಗಳನ್ನು ಒಂದೊಂದಾಗಿ ಮಂಚದ ಕೆಳಗೆ ತಳ್ಳುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಇವತ್ತು ಆಗದಿದ್ದರೆ ಸೋಮವಾರದಿಂದ ಅವಳು ಅಲ್ಲಿ. ಇದು ಅವನಿಗೆ ಗೊತ್ತಿತ್ತು. ಗೊತ್ತಿರುವುದನ್ನೆಲ್ಲ ಅವನು ಮಡಚಿ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿ ಅಟ್ಟದ ಮೇಲೆ ಜೋಡಿಸಿಬಿಡುತ್ತಿದ್ದ.

"ಅಪ್ಪಾ," ಮಗಳ ದನಿ ಈಗ ಸಣ್ಣದಾಗಿತ್ತು. "ಬೂಟಿನ ವಿಷಯ ಹೇಳ್ಲಾ? ಅದೊಂದು ಹೇಳಿದ್ರೆ ಸಾಕು ಅನ್ಸತ್ತೆ ನಂಗೆ."

"ಆ ಮಾತು ಎತ್ತಬೇಡ."

"ಯಾಕೆ?"

"ಎತ್ತಬೇಡ ಅಂದ್ನಲ್ಲ."

ಅವಳು ಮತ್ತೆ ಫೋನು ತೆಗೆದಳು. ಬೂಟಿನ ವಿಷಯ ಎಂದರೆ ಇಷ್ಟೇ: ಬೆಳಗಿನ ಹೊತ್ತು ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅವನಿಗೆ ಕಾಲುಚೀಲ, ಬೂಟು ಹಾಕುವವಳು ಮಗಳು. ಅವಳು ನೆಲದ ಮೇಲೆ ಕೂರುತ್ತಾಳೆ, ಅವನು ಕಿಟಕಿಯಾಚೆ ನೋಡುತ್ತಾನೆ. ಎಡಗಾಲಿಗೆ ಸ್ಪರ್ಶ ತಿಳಿಯದಿರುವುದು ಆ ಹೊತ್ತಿಗೆ ಒಂದು ಅನುಕೂಲ.

ಕರೆದರು.

ಒಳಗಿನ ಕೋಣೆ ಚಿಕ್ಕದು. ಅಧಿಕಾರಿ ಹೆಂಗಸು, ಹೆಂಡತಿಯ ವಯಸ್ಸಿನವರು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಅವರ ಮೇಜಿಗೆ ಮುಂದಿನಿಂದ ಹಲಗೆ ಹೊಡೆದಿದ್ದರಿಂದ ಕಾಲು ಕಾಣುತ್ತಿರಲಿಲ್ಲ. ಬಗ್ಗಣ್ಣ ಎಲ್ಲಿ ನೋಡಬೇಕೋ ತಿಳಿಯದೆ ಹಲಗೆಯ ಮೊಳೆ ನೋಡಿದ. "ಲಾಯರ್ ಬಂದಿಲ್ವಾ?" ಎಂದು ಅಧಿಕಾರಿ ಕೇಳಿದರು. "ನಾನೇ ಬಂದಿದೀನಿ ಮೇಡಂ," ಎಂದ. "ಇವಳು ನನ್ನ ಮಗಳು, ಜೊತೆಗೆ ಬಂದಿದಾಳೆ." ಅವರು ಇಬ್ಬರಿಗೂ ಕುರ್ಚಿ ತೋರಿಸಿ, "ಹೆದರ್ಕೋಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ," ಎಂದು ಸೀನಿದರು. ಇದ್ದದ್ದು ಇದ್ದ ಹಾಗೆ. ಎಂಥ ಸುಲಭದ ಮಾತು. ಅವನು ತಲೆಯಾಡಿಸಿದ.

"ಎಷ್ಟು ಹೊತ್ತು ನಿಲ್ತೀರಿ?"

"ನಿಂತ್ಕೋತೀನಿ ಮೇಡಂ. ಒರಗಿಕೊಳ್ಳೋಕೆ ಏನಾದ್ರೂ ಇದ್ರೆ."

"ಇಲ್ದಿದ್ರೆ?"

"ಏನಾದ್ರೂ ಇದ್ದೇ ಇರತ್ತಲ್ಲ ಮೇಡಂ."

ಪಕ್ಕದಲ್ಲಿ ಮಗಳು ಉಸಿರು ಬಿಟ್ಟದ್ದು ಕೇಳಿಸಿತು. ಅಧಿಕಾರಿ ಏನೋ ಬರೆದರು. ಕೂತಿರಲು ಆಗುತ್ತದೆಯೇ ಎಂದರು. ಆಗುತ್ತೆ, ಮಧ್ಯೆ ಮಧ್ಯೆ ಎದ್ದರೆ, ಎಂದ. ಏಳಲು ಆಗುತ್ತದೆಯೇ ಎಂದರು. ಆಗುತ್ತೆ, ಮಧ್ಯೆ ಮಧ್ಯೆ ಕೂತರೆ, ಎಂದ. ತನ್ನ ದನಿ ಹಿತವಾಗಿ, ಮೃದುವಾಗಿ, ಗಿರಾಕಿಯ ಮನಸ್ಸು ನೋಯದ ಹಾಗೆ ಹೊರಗೆ ಬರುತ್ತಿರುವುದನ್ನು ಅವನು ಪಕ್ಕದ ಕೋಣೆಯ ರೇಡಿಯೋದಂತೆ ಕೇಳಿಸಿಕೊಂಡ. ಈ ಹೆಂಗಸಿಗೆ ಬೇಸರವಾಗಬಾರದು. ನೆಗಡಿ ಬೇರೆ ಆಗಿದೆ ಪಾಪ. ಇವರಿಗೆ ಇಲ್ಲ ಅನ್ನುವುದು ಹೇಗೆ? ರೇಡಿಯೋ ಆರಿಸಬೇಕು, ಎದ್ದು ಹೋಗಿ ಆರಿಸಬೇಕು ಅನ್ನಿಸಿತು, ಆದರೆ ಆ ಕೋಣೆಯ ಬಾಗಿಲು ಎಲ್ಲಿದೆಯೋ.

"ಬಟ್ಟೆ ಬರೆ ನೀವೇ ಹಾಕ್ಕೋತೀರಾ?"

"ಹೌದು ಮೇಡಂ."

"ಬೂಟು, ಕಾಲುಚೀಲ?"

"ಹೌದು."

"ಸುಳ್ಳು," ಎಂದಳು ಮಗಳು.

ಅಧಿಕಾರಿ ಪೆನ್ನು ಎತ್ತಿದರು. ಮಗಳ ಕುತ್ತಿಗೆ ಕೆಂಪಾಗಿತ್ತು. "ಅವರಿಗಾಗಲ್ಲ ಮೇಡಂ. ದಿನಾ ನಾನೇ ಹಾಕೋದು. ಇವತ್ತೂ ನಾನೇ ಹಾಕಿದ್ದು. ಅಂಗಡೀಲಿ ಊರಿಗೆಲ್ಲ ಹಾಕಿದೋರು, ಅದಕ್ಕೆ ನಾಚ್ಕೆ ಅವರಿಗೆ."

ಆಗ ಬಗ್ಗಣ್ಣ ನಕ್ಕ. ಬೇಕೆಂದು ನಕ್ಕದ್ದಲ್ಲ. ಗಿರಾಕಿಯ ಮುಂದೆ ಜೊತೆಯವನು ಬಾಯಿ ತಪ್ಪಿ ಮಾಲಿನ ಹುಳುಕು ಆಡಿಬಿಟ್ಟರೆ ತಕ್ಷಣ ನಗಬೇಕು, ಹೊಸಬ ಸರ್, ಏನೂ ಗೊತ್ತಿಲ್ಲ ಅನ್ನಬೇಕು; ಅಂಗಡಿಯಲ್ಲಿ ಸಾವಿರ ಸಲ ಅಂದದ್ದು. "ಚಿಕ್ಕ ಹುಡುಗಿ ಮೇಡಂ," ಎಂದ. "ಅರ್ಜಿ ಪಾಸಾಗ್ಲಿ ಅಂತ ಏನೇನೋ ಹೇಳ್ತಿದಾಳೆ. ಮನಸ್ಸಿಗೆ ಹಚ್ಕೋಬೇಡಿ. ನಾನೇ ಹಾಕ್ಕೋತೀನಿ."

ಹೇಳಿ ಮುಗಿದ ಮೇಲೆ ಮಾತು ಕೋಣೆಯಲ್ಲಿ ಹಾಗೇ ನಿಂತಿತು. ಅವನು ಮಗಳ ಕಡೆ ತಿರುಗಲಿಲ್ಲ, ತಿರುಗುವುದು ಬೇಕಾಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಒಂದು ಸಲ ನೆಂಟರ ಮನೆಯಲ್ಲಿ ಗಾಜಿನ ಲೋಟ ಒಡೆದವನು ಅವನು. ಎಲ್ಲರೂ ಇವಳನ್ನು ನೋಡಿದಾಗ ಅವನು ಸುಮ್ಮನಿದ್ದುಬಿಟ್ಟಿದ್ದ, ಇವಳೂ ಸುಮ್ಮನಿದ್ದಳು, ದಾರಿಯುದ್ದಕ್ಕೂ ಅವನ ಕಿರುಬೆರಳು ಹಿಡಿದುಕೊಂಡು ಬಂದಿದ್ದಳು. ಈಗ ಕೈ ಎರಡೂ ಅವಳ ಮಡಿಲಲ್ಲಿದ್ದವು. ಒಂದರ ಉಗುರನ್ನು ಇನ್ನೊಂದು ಕೆರೆಯುತ್ತಿತ್ತು. ಏನಾದರೂ ಆಗಬೇಕಿತ್ತು ಅವನಿಗೆ, ಎದೆಯಲ್ಲೋ ಹೊಟ್ಟೆಯಲ್ಲೋ. ಸೊಂಟ ಮಾತ್ರ ನೋಯುತ್ತಿತ್ತು, ಎಂದಿನಂತೆ.

"ಇಬ್ಬರಲ್ಲಿ ಯಾರ ಮಾತು ಬರ್ಕೊಳ್ಳಲಿ?" ಎಂದು ಕೇಳಿದರು ಅಧಿಕಾರಿ. ಗದರಿಸಿದ್ದಲ್ಲ. ನಿಜವಾಗಿಯೂ ಕೇಳಿದ್ದು.

ಹೊರಗೆ ಕಿಟಕಿಯವಳು ಇನ್ಯಾರದೋ ಹೆಸರು ಕೂಗಿದಳು, ಅವರೂ ಓಗೊಡಲಿಲ್ಲ, ಮತ್ತೆ ಕೂಗಿದಳು.

"ಅಪ್ಪಂದೇ ಬರ್ಕೊಳ್ಳಿ," ಎಂದಳು ಮಗಳು. "ಅವರೇ ಹಾಕ್ಕೋತಾರೆ." ಆಮೇಲೆ ತಲೆಯೆತ್ತಿ, "ಸಾರಿ ಮೇಡಂ," ಎಂದು ನಕ್ಕಳು.

ಬಗ್ಗಣ್ಣ ಆ ನಗುವನ್ನು ನೋಡಿದ. ತುಟಿ ಎಷ್ಟು ಬೇಕೋ ಅಷ್ಟೇ ಅಗಲ. ಹಲ್ಲು ಎಷ್ಟು ಬೇಕೋ ಅಷ್ಟೇ. ಕಣ್ಣಿಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. ಇದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ, ಸೋಮವಾರ ಹೋದರೆ ಮೊದಲ ದಿನವೇ ಯಜಮಾನರು ಬೆನ್ನು ತಟ್ಟುತ್ತಾರೆ, ರಕ್ತದಲ್ಲೇ ಇದೆ ಕಣಮ್ಮಾ ನಿಂಗೆ ಎನ್ನುತ್ತಾರೆ. ಅಧಿಕಾರಿಯ ಪೆನ್ನು ಕೆಳಗಿಳಿಯಿತು.

"ಅವಳದು," ಎಂದ.

"ಏನಂದ್ರಿ?"

"ಅವಳದು ಬರ್ಕೊಳ್ಳಿ ಮೇಡಂ. ನಂದು ಬೇಡ."

ಅವನು ಅಂದುಕೊಂಡಿದ್ದ, ಇಂಥ ಮಾತು ಆಡಿದರೆ ಏನೋ ಕುಸಿಯುತ್ತದೆ ಎಂದು. ಏನೂ ಕುಸಿಯಲಿಲ್ಲ. ಅಧಿಕಾರಿ ಮೂಗು ಒರೆಸಿಕೊಂಡು ಮಗಳ ಕಡೆ ತಿರುಗಿದರು, ಅಷ್ಟೇ. ಮುಂದಿನ ಪ್ರಶ್ನೆಗಳೆಲ್ಲ ಅವಳಿಗೇ ಹೋದವು. ಅವಳು ಮೊದಮೊದಲು ತಡವರಿಸಿ, ಆಮೇಲೆ ಒಂದೇ ಸಮ ಹೇಳುತ್ತ ಹೋದಳು. ಎಡಗಾಲಿನ ಕಾಲುಚೀಲ ಮಡಿಕೆ ಬಿದ್ದರೆ ಅವರಿಗೆ ಗೊತ್ತಾಗಲ್ಲ, ಗುಳ್ಳೆ ಎದ್ದ ಮೇಲೆ ನಾವು ನೋಡೋದು. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಕಪಾಟಿನ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿಂತಾರೆ. ಏನಾದರೂ ಕೆಳಗೆ ಬಿದ್ದರೆ ನಾವು ನೋಡಲಿ ಅಂತ ಅದನ್ನ ಕಾಲಲ್ಲಿ ಮೆಲ್ಲಗೆ ನಮ್ಮ ಕಡೆ ತಳ್ತಾರೆ, ಎತ್ತಿಕೊಡಿ ಅಂತ ಕೇಳಲ್ಲ. ಅವನು ಅಲ್ಲಿ ಇಲ್ಲವೆಂಬಂತೆ ಇಬ್ಬರೂ ಅವನ ಬಗ್ಗೆ ಮಾತಾಡಿಕೊಂಡರು. ಯಾವುದೋ ಕಾಯಿಲೆಯವನ ಸಂಗತಿ. ಇಷ್ಟನ್ನೆಲ್ಲ ಇವಳು ಯಾವಾಗ ನೋಡಿದಳು? ಪೆನ್ನು ಕಾಗದದ ಮೇಲೆ ಓಡುತ್ತಿತ್ತು, ಈ ಸಲ ತಡೆಯದೆ.

"ಸ್ನಾನ?" ಅಧಿಕಾರಿ ಕೇಳಿದರು.

ಮಗಳು ಮಾತು ನಿಲ್ಲಿಸಿದಳು. ಯೋಚಿಸಿದಳು. "ಅದು ಮಾಡ್ಕೋತಾರೆ ಮೇಡಂ," ಎಂದಳು. "ಅದೊಂದು ಅವರೇ ಮಾಡ್ಕೋತಾರೆ. ದಿನಾ ನೀರು ಹೊಯ್ಕೊಳ್ಳೋ ಸದ್ದು ಕೇಳತ್ತೆ ನಂಗೆ." ಹೇಳುವಾಗ ಅವಳ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು, ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೆ ಅಪ್ಪನಿಗೆಂದು ಉಳಿಸಿಕೊಂಡಿದ್ದ ಒಂದು ಸಂಗತಿಯನ್ನು ಮೇಜಿನ ಮೇಲಿಟ್ಟ ಹಾಗೆ.

ಅಧಿಕಾರಿ ಬರೆಯಲು ಬಗ್ಗಿದರು.

"ಮಗಾ," ಎಂದ ಬಗ್ಗಣ್ಣ. "ನೀನು ಸ್ವಲ್ಪ ಹೊರಗೆ ಕೂತಿರು."

"ಯಾಕಪ್ಪಾ? ನಾನೇನಾದ್ರೂ..."

"ನೀನು ಹೇಳಿದ್ದೆಲ್ಲ ಸರೀಗಿದೆ. ಹೊರಗೆ ಕೂತಿರು."

ಅವಳು ಅಧಿಕಾರಿಯ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಬ್ಯಾಗು ಎತ್ತಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ಹೋದಳು. ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುವಂಥದ್ದು, ಬಹಳ ನಿಧಾನ. ಅದು ಚಿಲಕಕ್ಕೆ ತಾಗಿ ಸದ್ದು ಮಾಡುವ ತನಕ ಅವನು ಕಾದ.

"ನನ್ನ ಹೆಂಡ್ತಿಗೆ ರಜ ಇರೋ ದಿನ ಮಾತ್ರ ನಂಗೆ ಸ್ನಾನ ಮೇಡಂ," ಎಂದ. ದನಿ ಮೃದುವಾಗಿರಲಿಲ್ಲ, ಅಂಗಡಿಯದೂ ಆಗಿರಲಿಲ್ಲ. "ಅವಳು ಹಿಡ್ಕೋಬೇಕು. ಮಿಕ್ಕ ದಿನ ಆಗಲ್ಲ. ನಲ್ಲಿ ಬಿಟ್ಟು, ಬಕೆಟ್ ತುಂಬೋ ತನಕ ಗೋಡೆ ಹಿಡ್ಕೊಂಡು ನಿಂತಿರ್ತೀನಿ. ಚೊಂಬಿಂದ ನೆಲಕ್ಕೆ ಹೊಯ್ತೀನಿ, ಮೈಗೆ ಹೊಯ್ಕೊಂಡ ಹಾಗೆ ಸದ್ದು ಬರ್ಬೇಕಲ್ಲ, ಅದಕ್ಕೆ. ಆಮೇಲೆ ತಲೆಕೂದ್ಲು ಒದ್ದೆ ಮಾಡ್ಕೊಂಡು ಹೊರಗೆ ಬರ್ತೀನಿ."

"ನಿಧಾನಕ್ಕೆ ಹೇಳಿ," ಎಂದರು ಅಧಿಕಾರಿ. "ಬರ್ಕೋತಾ ಇದೀನಿ."